ಹಾಡು ಹಾಕೋದು, ಹಾಡು ಹಬ್ಬಿಸೋದು: ಮೈಸೂರಿನಲ್ಲಿ ನನ್ನ ಡಿಜೆ ಕೆಲಸ

ಡಿಜೆ ಅಂದ್ರೆ ನಮ್ಮ ಕಡೆ ನೆನಪಾಗೋದು ಗಣೇಶನ ಮೆರವಣಿಗೆ, ಲಾರಿ ತುಂಬ ಸ್ಪೀಕರ್. ನನ್ನದು ಅದಲ್ಲ. ನಾನು ಹಾಕೋದು ಹೆಚ್ಚಾಗಿ ಡಿಸ್ಕೊ, ಅಂದ್ರೆ ಎಪ್ಪತ್ತರ ದಶಕದಲ್ಲಿ ಹಬ್ಬಿದ ಕುಣಿತದ ಹಾಡುಗಳು. ಶನಿವಾರ ಪಬ್, ಡಿಸೆಂಬರ್ 31ಕ್ಕೆ ಹೋಟೆಲ್, ಮಧ್ಯೆ ಮದುವೆಗಳು. ಬರೀ ಕ್ಲಬ್ ನಂಬಿಕೊಂಡರೆ ಈ ಊರಲ್ಲಿ ಬಾಡಿಗೆ ಕಟ್ಟೋಕೂ ಆಗಲ್ಲ. ಅದಕ್ಕೇ ಜೊತೆಗೆ ಹೊಸ ಹಾಡುಗಳ ಪ್ರಮೋಷನ್ನೂ ಹಿಡಿದೆ.

ಐಡಿಯಾ ನನ್ನದಲ್ಲ. 1975ರಲ್ಲಿ ನ್ಯೂಯಾರ್ಕ್‌ನಲ್ಲಿ ಡೇವಿಡ್ ಮ್ಯಾಂಕುಸೊ ಮತ್ತಿತರ ಡಿಜೆಗಳು ರೆಕಾರ್ಡ್ ಪೂಲ್ ಅಂತ ಕಟ್ಟಿಕೊಂಡರು. ಕಂಪನಿಗಳು ಅವರಿಗೆ ಹೊಸ ರೆಕಾರ್ಡು ಪುಕ್ಕಟೆ ಕೊಡುತ್ತಿದ್ದವು, ಜನ ಯಾವುದಕ್ಕೆ ಕುಣಿದರು, ಯಾವುದಕ್ಕೆ ಕುಣಿಯಲಿಲ್ಲ ಅಂತ ಡಿಜೆಗಳು ತಿಳಿಸುತ್ತಿದ್ದರು. ನಾನು ಅದನ್ನೇ ಸಣ್ಣದಾಗಿ ಮಾಡುತ್ತೇನೆ. ಮೈಸೂರು, ಮಂಡ್ಯದ ಹುಡುಗರು ಲ್ಯಾಪ್‌ಟಾಪ್‌ನಲ್ಲಿ ಮಾಡಿದ ಕನ್ನಡ ಹಾಡು ಕಳಿಸುತ್ತಾರೆ, ನಾನು ಡಾನ್ಸ್ ಫ್ಲೋರ್‌ನಲ್ಲಿ ಹಾಕಿ ನೋಡುತ್ತೇನೆ. (ಡಿಸ್ಕೊಗೂ ನಮಗೂ ಏನು ಸಂಬಂಧ ಅನ್ನುವವರು 'ಬಿದ್ದು' ಅನ್ನೋ ಸಂಗೀತ ನಿರ್ಮಾಪಕರ ಬಗ್ಗೆ ಓದಿ. ಬೆಂಗಳೂರಲ್ಲಿ ಹುಟ್ಟಿ, ಇಂಗ್ಲೆಂಡಿಗೆ ಹೋಗಿ, 1974ರಲ್ಲಿ 'ಕುಂಗ್ ಫು ಫೈಟಿಂಗ್' ಅನ್ನೋ ಡಿಸ್ಕೊ ಹಾಡು ನಿರ್ಮಿಸಿದವರು.)

ಬಂದ ಹಾಡಿನಲ್ಲಿ ಮೊದಲು ನೋಡೋದು ಇಂಟ್ರೊ. ಶುರುವಿನಲ್ಲೇ ಹಾಡುಗಾರ್ತಿ ದನಿ ಬಂದುಬಿಟ್ಟರೆ ಮಿಕ್ಸ್ ಮಾಡೋಕೆ, ಅಂದ್ರೆ ಓಡುತ್ತಿರುವ ಹಾಡಿಗೆ ಇದನ್ನು ಬೆಸೆಯೋಕೆ, ಜಾಗವೇ ಇರಲ್ಲ. ನನಗೆ ಬರೀ ಡ್ರಮ್ಸ್ ಇರುವ 32 ಬೀಟ್ ಬೇಕು. ನಿಮಿಷಕ್ಕೆ 120 ಬೀಟ್ ಲೆಕ್ಕದಲ್ಲಿ ಅದು 16 ಸೆಕೆಂಡ್. ಅಷ್ಟರಲ್ಲಿ ಒಂದು ಕಿವಿಯಲ್ಲಿ ಹೆಡ್‌ಫೋನಿನ ಹೊಸ ಹಾಡು, ಇನ್ನೊಂದರಲ್ಲಿ ಓಡುತ್ತಿರುವ ಹಾಡು, ಎರಡರ ಕಿಕ್ಕೂ (ದೊಡ್ಡ ಡ್ರಮ್ಮಿನ ಬಡಿತ) ಒಂದೇ ಏಟಾಗಿ ಬೀಳಬೇಕು, ಬಿದ್ದ ಮೇಲೆ ಹಳೇದರ ಬಾಸ್ (ತಗ್ಗಿನ ದಪ್ಪ ದನಿ) ಇಳಿಸಿ ಹೊಸದರ ಬಾಸ್ ಏರಿಸಬೇಕು. ಎರಡೂ ಬಾಸ್ ಒಟ್ಟಿಗೆ ಬಿಟ್ಟರೆ ಬರೀ ಗದ್ದಲ. 118ರ ಹಾಡನ್ನು 121ಕ್ಕೆ ಏರಿಸಿದರೆ ಯಾರಿಗೂ ಗೊತ್ತಾಗಲ್ಲ. ತೀರಾ ಜಾಸ್ತಿ ಏರಿಸಿದರೆ ಹಾಡುಗಾರ್ತಿ ಬಸ್ಸು ಹಿಡಿಯೋಕೆ ಓಡುತ್ತಿರುವ ಹಾಗೆ ಕೇಳುತ್ತೆ.

ಹೊಸ ಹಾಡನ್ನು ಜನರಿಗೆ ಗೊತ್ತಿರುವ ಎರಡು ಹಾಡುಗಳ ನಡುವೆ ಇಡುತ್ತೇನೆ. ಮಧ್ಯದಲ್ಲಿ ಕುಣಿಯುವವರನ್ನು ನೋಡಿ ಪ್ರಯೋಜನ ಇಲ್ಲ, ಅವರು ಏನು ಹಾಕಿದರೂ ಕುಣಿಯುತ್ತಾರೆ. ಅಂಚಿನಲ್ಲಿ ಗ್ಲಾಸ್ ಹಿಡಿದು ನಿಂತವರನ್ನು ನೋಡಬೇಕು. ಅವರು ಟೇಬಲ್ ಕಡೆ ತಿರುಗಿದ್ದು ಹಾಡಿನ ಯಾವ ಜಾಗದಲ್ಲಿ ಅಂತ ಫೋನಲ್ಲಿ ಬರೆದುಕೊಳ್ಳುತ್ತೇನೆ. ಮಂಡ್ಯದ ಒಬ್ಬ ಹುಡುಗನ ಹಾಡಿನಲ್ಲಿ ಪ್ರತಿ ಸಲವೂ ಕೊಳಲು ಬಂದಾಗಲೇ ತಿರುಗುತ್ತಿದ್ದರು.

"ಅಣ್ಣ, ಅದೇ ಹಾಡಿನ ಜೀವ" ಅಂದ.

"ಯೂಟ್ಯೂಬ್‌ನಲ್ಲಿ ಇರ್ಲಿ ಕಣಪ್ಪ, ನಂಗೆ ಅದರ ಕೆಳಗೆ ಕಿಕ್ ಹಾಕಿ ಕಳಿಸು."

ಮುನಿಸಿಕೊಂಡೇ ಕಳಿಸಿದ. ಅಂಚಿನವರು ತಿರುಗೋದು ನಿಂತಿತು. ಡಿಸ್ಕೊ ಕಾಲದಲ್ಲೂ ಡಿಜೆಗಳಿಗೆಂದೇ 12 ಇಂಚಿನ ರೆಕಾರ್ಡಿನಲ್ಲಿ ಬೇರೆ ಉದ್ದನೆಯ ಮಿಕ್ಸ್ ಬರುತ್ತಿತ್ತಲ್ವಾ, ಇದೂ ಅದೇ.

ಹಾಡು ಹಾಕೋಕೆ ದುಡ್ಡು ತಗೊಳ್ಳಲ್ಲ, ಜನ ಎಲ್ಲಿ ತಿರುಗಿದರು ಅನ್ನೋ ರಿಪೋರ್ಟಿಗೆ ಮತ್ತು ಮಿಕ್ಸ್ ತಿದ್ದಿಕೊಡೋಕೆ ಮಾತ್ರ. ದುಡ್ಡಿಗೆ ಕೆಟ್ಟ ಹಾಡು ಹಾಕಿ ಫ್ಲೋರ್ ಖಾಲಿಯಾದರೆ ಪಬ್‌ನವರು ಮತ್ತೆ ಕರೀತಾರಾ?

ಬಯಲಲ್ಲಿ ಮದುವೆ ಇದ್ದರೆ ಲೆಕ್ಕವೇ ಬೇರೆ. ನಿಯಮದ ಪ್ರಕಾರ ರಾತ್ರಿ 10ಕ್ಕೆ ಸ್ಪೀಕರ್ ನಿಲ್ಲಬೇಕು, ಹಾಗಾಗಿ ಹೊಸ ಹಾಡೆಲ್ಲ 9ರೊಳಗೆ ಮುಗಿಸುತ್ತೇನೆ. ಆಮೇಲಿನದು ಮನೆಯ ಅತ್ತೆ, ಚಿಕ್ಕಮ್ಮಂದಿರ ಹೊತ್ತು. ಅವರು ಕೇಳಿದ್ದೇ ಹಾಡು.