ಅಯೋವಾದ ಹಳ್ಳಿಗಾಡು ಕೌಂಟಿ: ಮನೆ ಅಗ್ಗ, ಉಳಿದದ್ದರ ಲೆಕ್ಕ ಬೇರೆ

ಬೇ ಏರಿಯಾದಲ್ಲೋ ನ್ಯೂಜೆರ್ಸಿಯಲ್ಲೋ ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟಿಗೆ ತಿಂಗಳು ತಿಂಗಳು ಬಾಡಿಗೆ ಕಟ್ಟುವ ಕನ್ನಡಿಗರು ಒಮ್ಮೆಯಾದರೂ ರಾತ್ರಿ ಕೂತು ಮಿಡ್‌ವೆಸ್ಟಿನ ಮನೆಗಳ ಬೆಲೆ ನೋಡಿರುತ್ತಾರೆ. ನಾಲ್ಕು ಬೆಡ್‌ರೂಮು, ಬೇಸ್‌ಮೆಂಟು, ದೊಡ್ಡ ಹಿತ್ತಿಲು. ಬೆಲೆ ಎರಡು ಲಕ್ಷ ಡಾಲರಿಗಿಂತ ಕಡಿಮೆ. ಇದೇನು ಸುಳ್ಳಲ್ಲ. ಆದರೆ ಮನೆ ಅಗ್ಗವಾಗಿರುವುದು ಕೊಳ್ಳುವವರು ಕಡಿಮೆ ಇರುವುದರಿಂದ. ಆ ಕಾರಣವೇ ಮುಂದೆ ಕೆಲಸ, ಆಸ್ಪತ್ರೆ, ಮನೆ ಮಾರಾಟ ಎಲ್ಲದರಲ್ಲೂ ನಿಮಗೆ ಎದುರಾಗುತ್ತದೆ. ಅದನ್ನು ಗೊತ್ತಿಟ್ಟುಕೊಂಡು ಬಂದರೆ ಇಲ್ಲಿನ ಬದುಕು ನಿಜಕ್ಕೂ ಚೆನ್ನಾಗಿದೆ.

ಉದಾಹರಣೆಗೆ ಅಯೋವಾದ ಆಗ್ನೇಯ ಮೂಲೆಯ ಜೆಫರ್ಸನ್ ಕೌಂಟಿಯನ್ನೇ ತೆಗೆದುಕೊಳ್ಳೋಣ. ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ. 2020ರ ಜನಗಣತಿಯಲ್ಲಿ ಇಡೀ ಕೌಂಟಿಯ ಜನ 15,600ರ ಆಸುಪಾಸು. ಅದರಲ್ಲಿ 9,400 ಚಿಲ್ಲರೆ ಜನ ಕೌಂಟಿ ಕೇಂದ್ರವಾದ ಫೇರ್‌ಫೀಲ್ಡ್‌ನಲ್ಲೇ ಇದ್ದಾರೆ. ಸುತ್ತ ಜೋಳ, ಸೋಯಾ, ಹಂದಿ ಸಾಕಣೆ. ಅಯೋವಾ ರಾಜ್ಯದ ಮೊಟ್ಟಮೊದಲ ಸ್ಟೇಟ್ ಫೇರ್, ಅಂದರೆ ರಾಜ್ಯದ ಕೃಷಿ ಜಾತ್ರೆ, 1854ರಲ್ಲಿ ನಡೆದದ್ದು ಇಲ್ಲೇ. ನಮ್ಮವರಿಗೆ ಈ ಊರಿನ ಹೆಸರು ಗೊತ್ತಿರುವುದು ಮಾತ್ರ ಬೇರೆ ಕಾರಣಕ್ಕೆ. ದಿವಾಳಿಯಾದ ಒಂದು ಕಾಲೇಜಿನ ಕ್ಯಾಂಪಸ್ ಕೊಂಡು ಮಹರ್ಷಿ ಮಹೇಶ ಯೋಗಿಯವರ ವಿಶ್ವವಿದ್ಯಾಲಯ 1974ರಲ್ಲಿ ಇಲ್ಲಿಗೆ ಬಂತು. ಕಂಪ್ಯೂಟರ್ ಸೈನ್ಸ್ ಓದಲು ಹೊರದೇಶಗಳಿಂದ ಹುಡುಗರು ಬರುವುದು ಇಲ್ಲಿಗೇ. ಪಕ್ಕದಲ್ಲೇ 2001ರಲ್ಲಿ ಹುಟ್ಟಿದ ಮಹರ್ಷಿ ವೇದಿಕ್ ಸಿಟಿಯಲ್ಲಿ ಮನೆಗಳೆಲ್ಲ ಪೂರ್ವಕ್ಕೆ ಮುಖ ಮಾಡಿ ನಿಂತಿವೆ. ವಾಸ್ತು ನೋಡುವ ಅತ್ತೆ-ಮಾವ ಬಂದರೆ ಖುಷಿಯಾಗುತ್ತಾರೆ. ಇದರಿಂದ ಒಂದು ಲಾಭ ಉಂಟು. ಬೇರೆ ಹಳ್ಳಿ ಕೌಂಟಿಗಳಲ್ಲಿ ಸಸ್ಯಾಹಾರಿ ಅಂದರೆ ಹೋಟೆಲಿನವರು ಚೀಸ್ ಸ್ಯಾಂಡ್‌ವಿಚ್ ತಂದಿಡುತ್ತಾರೆ, ಇಲ್ಲಿ ಆ ಕಷ್ಟವಿಲ್ಲ.

ಹಳ್ಳಿಗಾಡಿಗೆ ಬಂದ ಮೇಲೆ ಮೊದಲು ತಿಳಿಯಬೇಕಾದದ್ದು ಇಲ್ಲಿ ಸರ್ಕಾರ ಅಂದರೆ ಕೌಂಟಿ ಅನ್ನುವುದು. ಅಯೋವಾದಲ್ಲಿ 99 ಕೌಂಟಿಗಳಿವೆ. ಊರ ಚೌಕದ ನಡುವಿನ ಕೋರ್ಟ್‌ಹೌಸಿನಲ್ಲಿ ಮುಕ್ಕಾಲು ಕೆಲಸ ಮುಗಿಯುತ್ತದೆ. ಕಾರಿನ ರಿಜಿಸ್ಟ್ರೇಷನ್ ಮತ್ತು ಮನೆ ತೆರಿಗೆಗೆ ಟ್ರೆಷರರ್, ಮನೆ ಪತ್ರ ಮತ್ತು ಮದುವೆ ನೋಂದಣಿಗೆ ರೆಕಾರ್ಡರ್, ಮತದಾನದ ವಿಷಯಕ್ಕೆ ಆಡಿಟರ್, ಮನೆಯ ಮೌಲ್ಯ ಕಟ್ಟಲು ಅಸೆಸರ್. ಊರ ಹೊರಗೆ ಪೊಲೀಸ್ ಅಂದರೆ ಶೆರಿಫ್. ಅಸೆಸರ್ ಬಿಟ್ಟರೆ ಉಳಿದವರನ್ನು ಜನರೇ ಓಟು ಹಾಕಿ ಆರಿಸುತ್ತಾರೆ. ಹಾಗಾಗಿ ಕೌಂಟರಿನಲ್ಲಿ ಮಾತಾಡಿಸಿದರೆ ನೆಟ್ಟಗೆ ಉತ್ತರ ಸಿಗುತ್ತದೆ. ಕ್ಯೂ ಅನ್ನುವುದೇ ಇರುವುದಿಲ್ಲ. ದೊಡ್ಡ ಊರಿನ ಡಿಎಂವಿ, ಅಂದರೆ ವಾಹನ ಕಚೇರಿ, ನೋಡಿದವರಿಗೆ ಇದು ಸುಖವೋ ಸುಖ.

ಮನೆ ಕೊಳ್ಳುವ ಕ್ರಮದಲ್ಲಿ ಅಯೋವಾ ಬೇರೆ ಎಲ್ಲ ರಾಜ್ಯಗಳಿಗಿಂತ ಬೇರೆ. ಇಲ್ಲಿ ಖಾಸಗಿ ಕಂಪನಿಗಳು ಟೈಟಲ್ ಇನ್ಶೂರೆನ್ಸ್, ಅಂದರೆ ಮನೆಯ ಹಕ್ಕಿನ ಮೇಲೆ ತಕರಾರು ಬಂದರೆ ಕಾಯುವ ವಿಮೆ, ಮಾರುವಂತಿಲ್ಲ. ಅದರ ಬದಲು 'ಆಬ್‌ಸ್ಟ್ರಾಕ್ಟ್' ಅನ್ನುವ ಕಾಗದದ ಕಟ್ಟು ಇರುತ್ತದೆ. ಆ ಜಾಗ ಯಾರಿಂದ ಯಾರಿಗೆ ಹೋಯಿತು, ಯಾವ ಸಾಲ ಇತ್ತು, ತೀರಿತೋ ಇಲ್ಲವೋ ಎಲ್ಲ ಅದರಲ್ಲಿರುತ್ತದೆ. ನಮ್ಮ ಮೂಲಪತ್ರಗಳನ್ನೂ ಇಸಿಯನ್ನೂ ಒಟ್ಟಿಗೆ ಹೊಲಿದಂತೆ ಅಂದುಕೊಳ್ಳಿ. ವಕೀಲರು ಅದನ್ನು ಓದಿ ಅಭಿಪ್ರಾಯ ಬರೆದುಕೊಡುತ್ತಾರೆ. ಆಮೇಲೆ ರಾಜ್ಯ ಸರ್ಕಾರದ್ದೇ ಆದ ಅಯೋವಾ ಟೈಟಲ್ ಗ್ಯಾರಂಟಿ ಅದಕ್ಕೆ ಭದ್ರತೆ ಕೊಡುತ್ತದೆ. ಖರ್ಚು ಕಡಿಮೆ. ಹಳೆಯ ಆಬ್‌ಸ್ಟ್ರಾಕ್ಟ್ ಕಳೆದಿದ್ದರೆ ಹೊಸದು ಮಾಡಿಸಲು ದುಡ್ಡೂ ದಿನಗಳೂ ಹಿಡಿಯುತ್ತವೆ. ಅದು ಯಾರ ಹತ್ತಿರ ಇದೆ ಅಂತ ಆಫರ್ ಹಾಕುವಾಗಲೇ ಕೇಳಿ.

ಸಾಲದ ವಿಷಯಕ್ಕೆ ಬಂದರೆ ನಿಮ್ಮ ವೀಸಾ ಮಾತಾಡುತ್ತದೆ. ಕೃಷಿ ಇಲಾಖೆ, ಅಂದರೆ ಯುಎಸ್‌ಡಿಎ, ಹಳ್ಳಿಗಾಡಿನಲ್ಲಿ ಮನೆ ಕೊಳ್ಳುವವರ ಸಾಲಕ್ಕೆ ಗ್ಯಾರಂಟಿ ನಿಲ್ಲುತ್ತದೆ. ಒಂದು ಡಾಲರೂ ಮುಂಗಡ ಬೇಕಿಲ್ಲ, 30 ವರ್ಷಕ್ಕೆ ಬಡ್ಡಿ ದರ ಬದಲಾಗುವುದಿಲ್ಲ. ಆದಾಯಕ್ಕೆ ಮಿತಿ ಇದೆ. ಆದರೆ ಇದಕ್ಕೆ ನಾಗರಿಕರಾಗಿರಬೇಕು ಇಲ್ಲವೇ ಗ್ರೀನ್ ಕಾರ್ಡ್ ಬೇಕು. ಎಚ್-1ಬಿ ಕೆಲಸದ ವೀಸಾ ಸಾಲದು. ಕೇಂದ್ರ ಸರ್ಕಾರದ ವಿಮೆ ಇರುವ ಎಫ್‌ಎಚ್‌ಎ ಸಾಲದ ಬಾಗಿಲೂ 2025ರ ಮೇ ಕೊನೆಯಿಂದ ಎಚ್-1ಬಿಯವರಿಗೆ ಮುಚ್ಚಿತು. ಉಳಿದದ್ದು ಬ್ಯಾಂಕಿನ ಮಾಮೂಲು ಸಾಲ. ಅದು ಸಿಗುತ್ತದೆ, ಆದರೆ ಮುಂಗಡಕ್ಕೆ ಕೈಯಲ್ಲಿ ದುಡ್ಡಿರಬೇಕು.

ಇನ್ನು ಜಮೀನು. ಊರಲ್ಲಿ ತೋಟ ಮಾಡಬೇಕು ಅನ್ನುವ ಆಸೆ ನಮ್ಮವರಿಗೆ ರಕ್ತದಲ್ಲೇ ಇದೆ, ಅಲ್ವಾ? ಇಲ್ಲಿ ಎರಡು ಅಡ್ಡಿಗಳಿವೆ. ಒಂದು, ಮನೆ ಅಗ್ಗವಾದರೂ ಹೊಲ ಅಗ್ಗವಲ್ಲ. ಅಯೋವಾ ಸ್ಟೇಟ್ ಯೂನಿವರ್ಸಿಟಿಯ ಸಮೀಕ್ಷೆಯಂತೆ 2024ರಲ್ಲಿ ರಾಜ್ಯದ ಸರಾಸರಿ ಎಕರೆಗೆ 11,467 ಡಾಲರ್. ದಕ್ಷಿಣದ ಕೌಂಟಿಗಳಲ್ಲಿ ಕಡಿಮೆ, ವಾಯವ್ಯದಲ್ಲಿ ಜಾಸ್ತಿ. ಎರಡು, ನಾಗರಿಕರೂ ಅಲ್ಲದ, ಗ್ರೀನ್ ಕಾರ್ಡೂ ಇಲ್ಲದ ವಿದೇಶಿಯರು ಇಲ್ಲಿ ಕೃಷಿ ಭೂಮಿ ಕೊಳ್ಳುವುದಕ್ಕೆ ಅಯೋವಾದ ಕಾನೂನಿನಲ್ಲಿ ತಡೆ ಇದೆ. ಕರ್ನಾಟಕ 2020ರಲ್ಲಿ ಕೃಷಿಕರಲ್ಲದವರಿಗೂ ಜಮೀನಿನ ಬಾಗಿಲು ತೆರೆಯಿತು. ಇಲ್ಲಿ ಬಾಗಿಲು ಗಟ್ಟಿಯಾಗೇ ಇದೆ. ನೀವು ನೋಡಿದ ಮನೆಯ ಜೊತೆ ಉಳುವ ಜಮೀನೂ ಬರುತ್ತಿದ್ದರೆ ಸಹಿಗೆ ಮೊದಲೇ ವಕೀಲರನ್ನು ಕೇಳಿ.

ಊರ ಹೊರಗೆ ಎರಡು ಮೂರು ಎಕರೆಯಲ್ಲಿ ಒಂಟಿ ಮನೆ ಅಂದರೆ ಫೋಟೋದಲ್ಲಿ ಚಂದ. ಅಲ್ಲಿ ನಗರದ ಒಳಚರಂಡಿ ಇರುವುದಿಲ್ಲ, ಸೆಪ್ಟಿಕ್ ಟ್ಯಾಂಕ್. ಮನೆ ಮಾರುವಾಗ ಅದರ ತಪಾಸಣೆ ಆಗಲೇಬೇಕು ಅಂತ ಅಯೋವಾ 2009ರಿಂದ ಕಾನೂನು ಮಾಡಿದೆ. ಆ ವರದಿಯನ್ನು ಕೇಳಿ ಓದಿ. ಪೈಪ್ ಗ್ಯಾಸ್ ಇರುವುದಿಲ್ಲ, ಪ್ರೊಪೇನ್ ಟ್ಯಾಂಕ್. ಬೇಸಿಗೆಯಲ್ಲೇ ದರ ಗೊತ್ತು ಮಾಡಿಕೊಂಡು ತುಂಬಿಸಿದರೆ ಉಳಿತಾಯ. ಬಾವಿ ನೀರಾದರೆ ನೈಟ್ರೇಟ್ ಪರೀಕ್ಷೆ ಮಾಡಿಸಿ. ಸುತ್ತಲ ಹೊಲಗಳಿಗೆ ಹಾಕುವ ಗೊಬ್ಬರ ಕೆಳಗಿಳಿದು ನೀರಿಗೆ ಸೇರುತ್ತದೆ, ಮನೆಯಲ್ಲಿ ಹಸುಗೂಸಿದ್ದರಂತೂ ಇದನ್ನು ಬಿಡುವಂತಿಲ್ಲ. ಖಾಸಗಿ ಬಾವಿಯ ಪರೀಕ್ಷೆಗೆ ಕೌಂಟಿ ಆರೋಗ್ಯ ಕಚೇರಿಯ ಮೂಲಕ ರಾಜ್ಯದ ನೆರವು ಸಿಗುತ್ತದೆ. ನೆಲದಿಂದ ಏಳುವ, ಶ್ವಾಸಕೋಶದ ಕ್ಯಾನ್ಸರ್ ತರಬಲ್ಲ ರೇಡಾನ್ ಅನ್ನುವ ಅನಿಲದ ವಿಷಯದಲ್ಲಿ ಊರೊಳಗು ಊರಾಚೆ ಎಂಬ ಭೇದವಿಲ್ಲ. ಅಯೋವಾದ 99 ಕೌಂಟಿಗಳೂ ಅತಿ ಹೆಚ್ಚು ಅಪಾಯದ ವಲಯದಲ್ಲಿವೆ. ಬೇಸ್‌ಮೆಂಟಿನಲ್ಲಿ ಒಂದು ಅಗ್ಗದ ಕಿಟ್ ಇಟ್ಟು ನೋಡಿ. ಜಾಸ್ತಿ ಬಂದರೆ ಪೈಪು-ಫ್ಯಾನು ಹಾಕಿಸುವ ಖರ್ಚನ್ನು ಮಾರುವವರ ಜೊತೆ ಮಾತಾಡಿಕೊಳ್ಳಿ.

ಯಾರೂ ಬಾಯಿಬಿಟ್ಟು ಹೇಳದ ವಿಷಯ ಹಂದಿ ಕೊಟ್ಟಿಗೆ. ಅಯೋವಾದಲ್ಲಿ ಜನ 32 ಲಕ್ಷ, ಹಂದಿಗಳು ಎರಡು ಕೋಟಿಗೂ ಮೇಲೆ. ಒಂದೊಂದು ಉದ್ದನೆಯ ಕಟ್ಟಡದಲ್ಲಿ ಸಾವಿರಾರು ಹಂದಿ. ಗಾಳಿ ತಿರುಗಿದ ದಿನ ಬಟ್ಟೆ ಹೊರಗೆ ಒಣಹಾಕುವಂತಿಲ್ಲ. ಶರತ್ಕಾಲದಲ್ಲಿ ಅದೇ ಗೊಬ್ಬರವನ್ನು ಹೊಲಕ್ಕೆ ಬಿಡುವಾಗ ಇನ್ನೂ ಜೋರು. ಎಲ್ಲಿ ಏನು ಕಟ್ಟಬಹುದು ಅನ್ನುವ ಝೋನಿಂಗ್ ನಿಯಮ ಕೌಂಟಿಯಲ್ಲಿ ಇದ್ದರೂ ಕೃಷಿಗೆ ಅದು ಅನ್ವಯಿಸುವುದಿಲ್ಲ. ಹಾಗಾಗಿ ಇವತ್ತು ಖಾಲಿ ಕಾಣುವ ಪಕ್ಕದ ಹೊಲದಲ್ಲಿ ನಾಳೆ ಕೊಟ್ಟಿಗೆ ಏಳಬಹುದು. ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ನಕ್ಷೆಯಲ್ಲಿ ಯಾವ ಕೊಟ್ಟಿಗೆ ಎಲ್ಲಿದೆ ಅಂತ ಸಿಗುತ್ತದೆ. ಮನೆ ನೋಡುವ ಮೊದಲು ಅದನ್ನು ನೋಡಿ. ನನ್ನ ಮಾತು ಕೇಳುವುದಾದರೆ ಮೊದಲ ಮನೆ ಊರೊಳಗೇ ಇರಲಿ. ನಗರದ ನೀರು, ಪೈಪ್ ಗ್ಯಾಸ್, ಡಾಂಬರು ರಸ್ತೆ. ಹಿಮ ಬಿದ್ದ ಬೆಳಿಗ್ಗೆ ಜಲ್ಲಿ ರಸ್ತೆಯ ಸರದಿ ಕೊನೆಗೆ ಬರುತ್ತದೆ.

ತೆರಿಗೆಯ ವಿಷಯ ಚುಟುಕಾಗಿ ಹೇಳುತ್ತೇನೆ. ರಾಜ್ಯದ ಆದಾಯ ತೆರಿಗೆ 2025ರಿಂದ ಎಲ್ಲರಿಗೂ ಒಂದೇ ದರ, ಶೇಕಡಾ 3.8. ಮಾರಾಟ ತೆರಿಗೆ ಶೇಕಡಾ 6, ಹೆಚ್ಚಿನ ಕಡೆ ಸ್ಥಳೀಯವಾಗಿ ಇನ್ನೊಂದು ಸೇರಿ 7. ಅಕ್ಕಿ, ಬೇಳೆ, ತರಕಾರಿಗೆ ಅದಿಲ್ಲ. ಮನೆ ತೆರಿಗೆ ಬೆಲೆಯ ಶೇಕಡಾ ಒಂದೂವರೆಯ ಆಸುಪಾಸು. ಸೆಪ್ಟೆಂಬರ್ ಮತ್ತು ಮಾರ್ಚ್‌ನಲ್ಲಿ ಎರಡು ಕಂತು. ನೀವೇ ವಾಸವಿರುವ ಮನೆಯಾದರೆ ಅಸೆಸರ್ ಕಚೇರಿಯಲ್ಲಿ ಜುಲೈ 1ರೊಳಗೆ ಹೋಮ್‌ಸ್ಟೆಡ್ ರಿಯಾಯಿತಿಗೆ ಅರ್ಜಿ ಹಾಕಿ. ಒಮ್ಮೆ ಹಾಕಿದರೆ ಸಾಕು, ಅದೇ ಮನೆಯಲ್ಲಿರುವ ತನಕ ನಡೆಯುತ್ತದೆ. ಮೌಲ್ಯ ಜಾಸ್ತಿ ಕಟ್ಟಿದ್ದಾರೆ ಅನ್ನಿಸಿದರೆ ಏಪ್ರಿಲ್‌ನಲ್ಲೇ ತಕರಾರು ಹಾಕಬೇಕು, ತಿಂಗಳು ಮುಗಿದ ಮೇಲೆ ಕೇಳುವವರಿಲ್ಲ.

ಉಳಿದ ದುಡ್ಡು ಹೋಗುವುದು ಕಾರಿಗೆ. ಬಸ್ಸಿನ ಮಾತೇ ಇಲ್ಲ. ಮನೆಯಲ್ಲಿ ದೊಡ್ಡವರು ಎಷ್ಟು ಜನರೋ ಅಷ್ಟು ಕಾರು. ಅಯೋವಾದಲ್ಲಿ ರಿಜಿಸ್ಟ್ರೇಷನ್ ಶುಲ್ಕ ಕಾರಿನ ಮೂಲ ಬೆಲೆಯ ಮೇಲೆ ನಿಂತಿದೆ. ಮೊದಲ ಏಳು ವರ್ಷ ಬೆಲೆಯ ಶೇಕಡಾ ಒಂದು, ಜೊತೆಗೆ ತೂಕಕ್ಕೆ ಸ್ವಲ್ಪ. 30,000 ಡಾಲರಿನ ಕಾರಿಗೆ ವರ್ಷಕ್ಕೆ 300ರ ಮೇಲೆ. ಕಾರಿಗೆ ಹನ್ನೆರಡು ವರ್ಷ ಆದರೆ ಬರೀ 50 ಡಾಲರ್. ವಾರ್ಷಿಕ ತಪಾಸಣೆಯೂ ಇಲ್ಲ. ಅದಕ್ಕೇ ಇಲ್ಲಿ ಹಳೇ ಟೊಯೋಟಾಗಳಿಗೆ ಅಷ್ಟು ಬೇಡಿಕೆ. ಅಕ್ಟೋಬರ್-ನವೆಂಬರ್ ಸಂಜೆಗಳಲ್ಲಿ ಜಿಂಕೆಗಳು ರಸ್ತೆಗೆ ನುಗ್ಗುತ್ತವೆ. ಹಳೇ ಕಾರು ಅಂತ ಕಾಂಪ್ರಹೆನ್ಸಿವ್ ವಿಮೆ ತೆಗೆಸಿಬಿಡುವವರಿದ್ದಾರೆ. ಜಿಂಕೆ ಹೊಡೆದರೆ ಕಟ್ಟಿಕೊಡುವುದು ಆ ಭಾಗವೇ, ಡಿಕ್ಕಿಗೆಂದು ಇರುವ ಕೊಲಿಷನ್ ಭಾಗ ಅಲ್ಲ.

ದೂರದ ಲೆಕ್ಕ ಹೀಗಿದೆ. ಮಾಮೂಲು ದಿನಸಿಗೆ ಫೇರ್‌ಫೀಲ್ಡ್‌ನಲ್ಲೇ ಹೈ-ವೀ, ವಾಲ್‌ಮಾರ್ಟ್ ಇವೆ. ಕಾಸ್ಟ್‌ಕೋ, ಸೋನಾ ಮಸೂರಿ, ಕರಿಬೇವು ಅಂದರೆ ಒಂದು ಗಂಟೆ ಓಡಿಸಿ ಅಯೋವಾ ಸಿಟಿ-ಕೋರಲ್‌ವಿಲ್ ಕಡೆ. ದೇವಸ್ಥಾನಕ್ಕೆ ಸೀಡರ್ ರಾಪಿಡ್ಸ್, ಇಲ್ಲವೇ ಡೆ ಮೊಯ್ನ್ ಹತ್ತಿರದ ಮ್ಯಾಡ್ರಿಡ್. ಪಕ್ಕದ ಮೌಂಟ್ ಪ್ಲೆಸೆಂಟ್‌ನಲ್ಲಿ ಆಮ್‌ಟ್ರಾಕ್ ರೈಲು ನಿಲ್ಲುತ್ತದೆ, ಶಿಕಾಗೋಗೆ ನೇರ. ಬೆಂಗಳೂರಿಂದ ಬರುವವರನ್ನು ಕರೆತರಲು ಅದು ಅನುಕೂಲ, ರೈಲು ಸರಿಯಾದ ಹೊತ್ತಿಗೆ ಬಂದರೆ.

ನಾನು ಎಲ್ಲಕ್ಕಿಂತ ಜಾಸ್ತಿ ಯೋಚಿಸಿ ಅನ್ನುವುದು ಆಸ್ಪತ್ರೆಯ ಬಗ್ಗೆ. ಹಳ್ಳಿ ಕೌಂಟಿಗಳ ಆಸ್ಪತ್ರೆಗಳು ಹೆಚ್ಚಾಗಿ 'ಕ್ರಿಟಿಕಲ್ ಆಕ್ಸೆಸ್' ಅನ್ನುವ ಕೇಂದ್ರ ಸರ್ಕಾರದ ವರ್ಗಕ್ಕೆ ಸೇರಿದವು, ಹಾಸಿಗೆ 25 ಮೀರುವಂತಿಲ್ಲ. ಜ್ವರ, ಮೂಳೆ ಮುರಿತ, ರಕ್ತಪರೀಕ್ಷೆಗೆ ಚೆನ್ನಾಗಿವೆ. ನರ್ಸುಗಳಿಗೆ ನಿಮ್ಮ ಹೆಸರು ಗೊತ್ತಿರುತ್ತದೆ. ಆದರೆ ಅಯೋವಾದ ಎಷ್ಟೋ ಹಳ್ಳಿ ಆಸ್ಪತ್ರೆಗಳು ಹೆರಿಗೆ ವಿಭಾಗ ಮುಚ್ಚಿವೆ. ಮಗು ಬರುವ ಯೋಚನೆ ಇದ್ದರೆ ಹೆರಿಗೆ ಎಲ್ಲಿ, ಹಿಮ ಬಿದ್ದರೆ ಅಲ್ಲಿಗೆ ಎಷ್ಟು ಹೊತ್ತು ಅಂತ ಮೊದಲೇ ನೋಡಿ. ದೊಡ್ಡ ಕಾಯಿಲೆಗೆ ಅಯೋವಾ ಸಿಟಿಯ ವಿಶ್ವವಿದ್ಯಾಲಯದ ಆಸ್ಪತ್ರೆ ಇದೆ. ಅದು ನಿಮ್ಮ ವಿಮೆಯ ನೆಟ್‌ವರ್ಕ್‌ನಲ್ಲಿದೆಯೇ ಅನ್ನುವುದು ಸಂಬಳದಷ್ಟೇ ದೊಡ್ಡ ಪ್ರಶ್ನೆ. ಇನ್ನೊಂದು ಸೂಕ್ಷ್ಮ ಉಂಟು. 2022ರಿಂದ ಜಾರಿಯಲ್ಲಿರುವ ನೋ ಸರ್‌ಪ್ರೈಸಸ್ ಕಾಯ್ದೆ ಹೆಲಿಕಾಪ್ಟರ್ ಆಂಬುಲೆನ್ಸಿನ ಅನಿರೀಕ್ಷಿತ ಬಿಲ್ಲಿನಿಂದ ವಿಮೆ ಇರುವವರನ್ನು ಕಾಪಾಡುತ್ತದೆ. ರಸ್ತೆಯ ಆಂಬುಲೆನ್ಸಿಗೆ ಆ ರಕ್ಷಣೆ ಇಲ್ಲ. ವಿಸಿಟರ್ ವಿಮೆಯಲ್ಲಿ ಬರುವ ಅಪ್ಪ-ಅಮ್ಮನಿಗಂತೂ ಪಾಲಿಸಿಯ ಪ್ರತಿ ಸಾಲು ಓದಿಯೇ ಕರೆಸಿ. ಮೇ ತಿಂಗಳಿಂದ ಸೆಪ್ಟೆಂಬರ್ ಒಳಗೆ ಬಂದುಹೋಗಲಿ. ಜನವರಿಯಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಇಳಿಯುವ ದಿನಗಳಲ್ಲಿ ವಾಕಿಂಗ್ ಇಲ್ಲ, ಮಾತಾಡಿಸಲು ಬೀದಿಯಲ್ಲಿ ಜನವಿಲ್ಲ. ಮನೆ ಎಷ್ಟು ದೊಡ್ಡದಾದರೂ ಅವರಿಗೆ ಬೇಜಾರಾಗುತ್ತದೆ.

ಮಕ್ಕಳಿಗೆ ಮಾತ್ರ ಇದು ಒಳ್ಳೆಯ ಜಾಗ. ಶಾಲೆ ಚಿಕ್ಕದಾದ್ದರಿಂದ ಬ್ಯಾಂಡು, ಓಟ, ನಾಟಕ ಎಲ್ಲದಕ್ಕೂ ಸೇರಿಸಿಕೊಳ್ಳುತ್ತಾರೆ. ಸೈಕಲ್ ಹೊಡೆದುಕೊಂಡು ಲೈಬ್ರರಿಗೆ ಹೋಗಬಹುದು. ಅಡ್ವಾನ್ಸ್‌ಡ್ ಕೋರ್ಸುಗಳು ದೊಡ್ಡ ಊರಿನಷ್ಟು ಸಿಗುವುದಿಲ್ಲ. ತರಗತಿಯಲ್ಲಿ ನಿಮ್ಮ ಮಗು ಒಬ್ಬನೇ ಭಾರತೀಯನಾಗಿರಬಹುದು. ಫೇರ್‌ಫೀಲ್ಡ್ ಸ್ವಲ್ಪ ಬೇರೆ, ಅಕ್ಕಪಕ್ಕದ ಕೌಂಟಿಗಳಲ್ಲಿ ಇದು ಮಾಮೂಲು.

ಇಂಥ ಕೌಂಟಿಗಳಿಗೆ ಬರುವ ಕನ್ನಡಿಗರಲ್ಲಿ ಡಾಕ್ಟರುಗಳು ಇದ್ದೇ ಇರುತ್ತಾರೆ. ಅದಕ್ಕೆ ಕಾರಣ ಕಾನ್ರಾಡ್ 30. ಜೆ-1 ಅನ್ನುವ ವಿನಿಮಯ ವೀಸಾದಲ್ಲಿ ರೆಸಿಡೆನ್ಸಿ, ಅಂದರೆ ವೈದ್ಯ ತರಬೇತಿ, ಮುಗಿಸಿದವರು ವೈದ್ಯರ ಕೊರತೆ ಇರುವ ಕಡೆ ಮೂರು ವರ್ಷ ಕೆಲಸ ಮಾಡಿದರೆ ಎರಡು ವರ್ಷ ಊರಿಗೆ ಮರಳಬೇಕೆಂಬ ಷರತ್ತು ಬಿಡುತ್ತದೆ. ಒಂದು ರಾಜ್ಯಕ್ಕೆ ವರ್ಷಕ್ಕೆ 30 ಜಾಗ. ಆ ಮೂರು ವರ್ಷ ಆಸ್ಪತ್ರೆ ಬದಲಿಸುವುದು ಸುಲಭವಲ್ಲ. ಕಾಂಟ್ರ್ಯಾಕ್ಟಿನಲ್ಲಿ ರಾತ್ರಿ ಕರೆ ಎಷ್ಟು, ರಜೆಗೆ ಬದಲಿ ಯಾರು ಅನ್ನುವುದನ್ನು ಬರವಣಿಗೆಯಲ್ಲೇ ಹಾಕಿಸಿಕೊಳ್ಳಿ.

ಎಂಜಿನಿಯರುಗಳಿಗೆ ಬೇರೆ ಭಯ. ಎಚ್-1ಬಿಯಲ್ಲಿ ಕೆಲಸ ಹೋದರೆ ಹೊಸದು ಹುಡುಕಲು ಹೆಚ್ಚೆಂದರೆ 60 ದಿನ. ಡಲ್ಲಾಸಿನಲ್ಲಿ ರಸ್ತೆ ದಾಟಿದರೆ ಇನ್ನೊಂದು ಕಂಪನಿ. ಇಲ್ಲಿ ಕೌಂಟಿಗೇ ಒಂದೋ ಎರಡೋ. ಹೊಸ ಕೆಲಸ ಸಿಕ್ಕರೂ ಅದು ಬೇರೆ ರಾಜ್ಯದಲ್ಲಿರುತ್ತದೆ, ಮನೆಯೋ ಅಷ್ಟರಲ್ಲಿ ಮಾರಾಟವಾಗುವುದಿಲ್ಲ. ಎರಡು ಕಡೆ ಖರ್ಚು ಹೊರುವಷ್ಟು ಆರು ತಿಂಗಳ ಹಣ ಬದಿಗಿಡಿ. ಅದು ಕೂಡುವ ತನಕ ಬಾಡಿಗೆ ಮನೆಯಲ್ಲಿರಿ, ಬಾಡಿಗೆಯೂ ಇಲ್ಲಿ ಅಗ್ಗವೇ. ಒಂದು ಚಳಿಗಾಲ, ಒಂದು ಗೊಬ್ಬರದ ಕಾಲ ಕಳೆದ ಮೇಲೆ ಯಾವ ಬೀದಿಯಲ್ಲಿ ಮನೆ ನೋಡಬೇಕು ಅಂತ ನಿಮಗೇ ಗೊತ್ತಾಗುತ್ತದೆ.