ಪಾರ್ಲರ್ ಮತ್ತು ಕ್ಷೌರದಂಗಡಿಯ ಸಿಬ್ಬಂದಿಗೆ ಕೌಟುಂಬಿಕ ದೌರ್ಜನ್ಯ ಗುರುತಿಸುವ ತರಬೇತಿ

ಅಮೆರಿಕದ ಇಲಿನಾಯ್ ರಾಜ್ಯವು ಕೇಶ ಮತ್ತು ಸೌಂದರ್ಯ ವೃತ್ತಿಯವರು ಕೌಟುಂಬಿಕ ದೌರ್ಜನ್ಯದ ಕುರಿತು ಒಂದು ಗಂಟೆಯ ತರಬೇತಿ ಪಡೆಯುವುದನ್ನು 2017ರಿಂದ ಕಡ್ಡಾಯಗೊಳಿಸಿತು. ಆದರೆ ಕಂಡದ್ದನ್ನು ಪೊಲೀಸರಿಗೆ ತಿಳಿಸಲೇಬೇಕೆಂಬ ಹೊಣೆಯನ್ನು ಅವರ ಮೇಲೆ ಹೊರಿಸಲಿಲ್ಲ. ನಮ್ಮಲ್ಲಿ ಪಾರ್ಲರ್ ನಡೆಸುವವರು ಇದಕ್ಕಾಗಿ ಕಾನೂನು ಬರಲೆಂದು ಕಾಯಬೇಕಾಗಿಲ್ಲ. ಅಂಗಡಿ ತೆರೆಯುವ ಮುಂಚಿನ ಒಂದು ಗಂಟೆಯನ್ನು ಮೀಸಲಿಡಿ. ದೌರ್ಜನ್ಯಕ್ಕೊಳಗಾದ ಮಹಿಳೆಯರಿಗೆ ನೆರವಾಗುವ ಸರ್ಕಾರಿ ಕೇಂದ್ರವಾದ ಜಿಲ್ಲೆಯ ಸಖಿ ಕೇಂದ್ರದ ಆಪ್ತಸಮಾಲೋಚಕಿ ಬರುವಂತಿದ್ದರೆ ಇನ್ನೂ ಒಳ್ಳೆಯದು. ತವರಿಗೆ ಫೋನ್ ಮಾಡಲೂ ಬಿಡದ ಮನೆಯ ಹೆಣ್ಣುಮಗಳು ಹುಬ್ಬು ತೀಡಿಸಿಕೊಳ್ಳಲು ಒಬ್ಬಳೇ ಬಂದಿರಬಹುದು ಎಂಬುದನ್ನು ಸಿಬ್ಬಂದಿ ಮೊದಲು ಮನಗಾಣಬೇಕು.

ಗಮನಿಸಬೇಕಾದ್ದು ಅವರ ಕೈಯಳತೆಯಲ್ಲೇ ಇರುತ್ತದೆ: ಕೂದಲು ಕಿತ್ತುಬಂದ ಜಾಗ, ಕಿವಿಯ ಹಿಂದಿನ ನೀಲಿ ಕಲೆ, ವ್ಯಾಕ್ಸಿಂಗ್ ವೇಳೆ ತೋಳಿನಲ್ಲಿ ಕಾಣುವ ಬೆರಳಿನ ಗುರುತು. ಕೂದಲು ಉದುರುವ ಕಾಯಿಲೆಗಳೂ ಇರುವುದರಿಂದ ಒಂದೇ ಗುರುತಿನಿಂದ ತೀರ್ಮಾನಕ್ಕೆ ಬರಬಾರದು. ಗಾಯಕ್ಕೂ ಆಕೆ ಹೇಳುವ ಕಾರಣಕ್ಕೂ ತಾಳೆಯಾಗದಿರುವುದು, ಗಂಡನ ಕರೆ ಮತ್ತೆ ಮತ್ತೆ ಬರುತ್ತಿದ್ದು ಆಕೆ ಬೆದರುವುದು, ಐವತ್ತು ರೂಪಾಯಿಗೂ ಲೆಕ್ಕ ಒಪ್ಪಿಸಬೇಕೆನ್ನುವುದು, ಇವುಗಳನ್ನು ಜೊತೆಗಿಟ್ಟು ನೋಡಬೇಕು. 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯಿದೆಯು ಹೊಡೆತವನ್ನಷ್ಟೇ ಅಲ್ಲದೆ ಲೈಂಗಿಕ, ಮಾತಿನ, ಮಾನಸಿಕ ಮತ್ತು ಆರ್ಥಿಕ ಹಿಂಸೆಯನ್ನೂ ದೌರ್ಜನ್ಯವೆಂದೇ ಪರಿಗಣಿಸುತ್ತದೆ. ಕುತ್ತಿಗೆ ಹಿಸುಕಿದ ಗುರುತಿದ್ದು, ಧ್ವನಿ ಒಡೆದಿದ್ದರೆ ಅಥವಾ ಕಣ್ಣಲ್ಲಿ ಕೆಂಪು ಚುಕ್ಕೆಗಳಿದ್ದರೆ ಆಕೆ ಅಂದೇ ಆಸ್ಪತ್ರೆಗೆ ಹೋಗುವಂತೆ ಒತ್ತಿ ಹೇಳಬೇಕು, ಏಕೆಂದರೆ ಅದರ ಅಪಾಯ ಗಂಟೆಗಳು ಕಳೆದ ಮೇಲೂ ಎದುರಾಗಬಹುದು.

ಕೇಳುವ ಬಗೆಯೇ ತರಬೇತಿಯ ತಿರುಳು, ಆದ್ದರಿಂದ ಹೆಚ್ಚಿನ ಸಮಯವನ್ನು ಇದಕ್ಕೇ ಕೊಡಿ. ಇಬ್ಬಿಬ್ಬರನ್ನು ಕೂರಿಸಿ, ಬಾಯಿಬಿಟ್ಟು ಹೇಳಿಸಿ ಅಭ್ಯಾಸ ಮಾಡಿಸಿ. ಬೇರೆ ಗಿರಾಕಿಗಳಾಗಲಿ, ಜೊತೆಗೆ ಬಂದ ನಾದಿನಿಯಾಗಲಿ ಇಲ್ಲದಾಗ, ಕನ್ನಡಿಯಲ್ಲಿ ದಿಟ್ಟಿಸದೆ, ತಲೆ ತೊಳೆಯುವಾಗ ಮೆಲ್ಲಗೆ, “ಅಕ್ಕಾ, ಇಲ್ಲಿ ನೋವಾಗಿದೆಯಲ್ಲ, ಯಾರಾದರೂ ಕೈ ಮಾಡಿದರಾ?” ಎಂದರೆ ಸಾಕು. ಆಕೆ ಇಲ್ಲವೆಂದರೆ ಬಿಟ್ಟುಬಿಡಬೇಕು. ಮುಂದೊಮ್ಮೆ ಹೇಳಬೇಕೆನಿಸಿದರೆ ಯಾರ ಬಳಿ ಹೇಳಬಹುದೆಂದು ಆಕೆಗೆ ಈಗ ಗೊತ್ತಾಗಿರುತ್ತದೆ. ಹೌದೆಂದರೆ, “ನಿಮ್ಮ ಮಾತು ನಂಬುತ್ತೇನೆ, ಇದರಲ್ಲಿ ನಿಮ್ಮ ತಪ್ಪಿಲ್ಲ” ಎನ್ನಬೇಕು. “ಸ್ವಲ್ಪ ಹೊಂದಿಕೊಂಡು ಹೋಗಿ” ಎಂಬ ಮಾತನ್ನೂ, “ಇವತ್ತೇ ಮನೆ ಬಿಟ್ಟುಬನ್ನಿ” ಎಂಬ ಮಾತನ್ನೂ ಖಂಡಿತ ಆಡಬಾರದು; ಮನೆ ಬಿಡುವ ಗಳಿಗೆಯೇ ಅನೇಕರಿಗೆ ಅತ್ಯಂತ ಅಪಾಯದ ಗಳಿಗೆ.

ಮಹಿಳಾ ಸಹಾಯವಾಣಿ 181, ತುರ್ತಿಗೆ 112, ಉಚಿತ ಕಾನೂನು ನೆರವಿಗೆ 15100. ಇವನ್ನು ಚೀಟಿಯಲ್ಲಿ ಬರೆದು ಕೊಡುವ ಮೊದಲು, ಅದು ಮನೆಯಲ್ಲಿ ಯಾರ ಕಣ್ಣಿಗಾದರೂ ಬಿದ್ದರೆ ತೊಂದರೆಯೇ ಎಂದು ಕೇಳಿ. ಬಯಸಿದರೆ ಪಾರ್ಲರಿನ ಫೋನಿನಿಂದಲೇ ಕರೆ ಮಾಡಲು ಬಿಡಿ. 2005ರ ಕಾಯಿದೆಯ 4ನೇ ಕಲಮಿನ ಪ್ರಕಾರ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ, ಅಂದರೆ ಇಂಥ ಮಹಿಳೆಯರ ನೆರವಿಗೆ ಸರ್ಕಾರ ನೇಮಿಸಿದ ಅಧಿಕಾರಿಗೆ, ಮಾಹಿತಿ ಕೊಡಬಹುದು, ಸದುದ್ದೇಶದಿಂದ ಕೊಟ್ಟವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಹಾಗಿದ್ದರೂ ಪ್ರಾಣಾಪಾಯವಿಲ್ಲದಾಗ ಆಕೆಯ ಒಪ್ಪಿಗೆ ಪಡೆದೇ ಮುಂದುವರಿಯುವುದು ಸರಿ.

ಗಂಡಸರ ಕ್ಷೌರದಂಗಡಿಯಲ್ಲಿ ಮಕ್ಕಳ ತಲೆಯ ಮೇಲಿನ ಬಾಸುಂಡೆ, ಸುಟ್ಟ ಗಾಯಗಳ ಕಡೆ ಗಮನವಿರಲಿ. ಅದಕ್ಕೆ ಮಕ್ಕಳ ಸಹಾಯವಾಣಿ 1098 ಇದೆ.

ಅತ್ತೆಯೂ ಸೊಸೆಯೂ ಒಂದೇ ಪಾರ್ಲರಿಗೆ ಬರುವ ಊರುಗಳಲ್ಲಿ ಒಂದು ಮಾತು ಹೊರಬಿದ್ದರೂ ಆಕೆಗೆ ಮತ್ತೆ ಪೆಟ್ಟು ಬೀಳಬಹುದಾದ್ದರಿಂದ, ಯಾರ ವಿಷಯವನ್ನೂ ಅಪಾಯಿಂಟ್‌ಮೆಂಟ್ ಪುಸ್ತಕದಲ್ಲಾಗಲಿ ವಾಟ್ಸಾಪ್ ಗುಂಪಿನಲ್ಲಾಗಲಿ ಬರೆಯಕೂಡದು. ತರಬೇತಿಗೆ ಕೂತ ಹುಡುಗಿಯರಲ್ಲೇ ಒಬ್ಬಳು ಇದನ್ನು ಅನುಭವಿಸುತ್ತಿರಬಹುದು. ಅಂಥವಳಿಗೆ ಕೆಲಸದ ವೇಳೆ ಬದಲಿಸಿಕೊಡಲು, ಸಂಬಳವನ್ನು ಅವಳ ಸ್ವಂತ ಖಾತೆಗೇ ಹಾಕಲು ಮಾಲೀಕರು ಸಿದ್ಧರಿದ್ದು, ಅದನ್ನು ಮೊದಲ ದಿನವೇ ಎಲ್ಲರೆದುರು ತಿಳಿಸಬೇಕು.