ಡೇರಿ ಕಟ್ಟೆಯಲ್ಲಿ ಅಪ್ಪಂದಿರ ಸಭೆ

ನಾಗಮಂಗಲ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ತಾಯಂದಿರ ಸಭೆ ಕರೆದರೆ ಯಾರು ಬರುತ್ತಾರೆ? ಬಾಣಂತಿಯರು, ದಿನ ತುಂಬಿದ ಬಸುರಿಯರು. ಉಳಿದವರು ಹೊಲದಲ್ಲೋ ನರೇಗಾ ಕೆಲಸದಲ್ಲೋ ಇರುತ್ತಾರೆ. ಬಂದವರು ಭಿತ್ತಿಪತ್ರ ನೋಡುತ್ತಾರೆ, ತಲೆಯಾಡಿಸುತ್ತಾರೆ, ಪುಸ್ತಕಕ್ಕೆ ಸಹಿ ಹಾಕಿ ಎದ್ದು ಹೋಗುತ್ತಾರೆ. ಅಂಗನವಾಡಿ ಮೇಲ್ವಿಚಾರಕಿಯಾಗಿ ಇಂಥ ಸಭೆಗಳಲ್ಲಿ ಕುಳಿತೂ ಕುಳಿತೂ ನನಗೆ ಖಾತ್ರಿಯಾದದ್ದು ಇಷ್ಟು: ಮಗು ಸಾಕುವ ಪಾಠವನ್ನು ಮನೆಯಲ್ಲಿ ಮಾತು ನಡೆಯದ ಸೊಸೆಯೊಬ್ಬಳಿಗೆ ಹೇಳಿ ಪ್ರಯೋಜನವಿಲ್ಲ. ಇಲ್ಲಿ ಕಲಿತದ್ದು ಹೊಸಿಲು ದಾಟಿದೊಡನೆ ಅತ್ತೆಯ ಒಂದು ಮಾತಿಗೆ ಅಳಿಸಿಹೋಗುತ್ತದೆ.

1975ರಲ್ಲಿ ಆರಂಭವಾಗಿ, ನಮ್ಮ ರಾಜ್ಯದಲ್ಲಿ ಟಿ. ನರಸೀಪುರದಲ್ಲಿ ಮೊದಲು ಕಾಲಿಟ್ಟ, ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ) ಯೋಜನೆಯಲ್ಲಿ ಆರೋಗ್ಯ ಮತ್ತು ಪೌಷ್ಟಿಕತೆಯ ಶಿಕ್ಷಣವೂ ಒಂದು ಸೇವೆ. ಅದು ಯಾರಿಗೆ? 15ರಿಂದ 45 ವರ್ಷದ ಮಹಿಳೆಯರಿಗೆ. ಅತ್ತೆಗೆ ವಯಸ್ಸು ಮೀರಿದೆ, ಗಂಡ ಪಟ್ಟಿಯಲ್ಲೇ ಇಲ್ಲ. ಮಗುವಿನ ಬಾಯಿಗೆ ಏನು ಹೋಗಬೇಕು, ಬೆನ್ನಿಗೆ ಏನು ಬೀಳಬೇಕು ಎಂದು ತೀರ್ಮಾನಿಸುವ ಇಬ್ಬರೂ ಹೊರಗೆ.

ಆದ್ದರಿಂದ ನಾವು ಅಜ್ಜಿಯರಿಂದ ಶುರು ಮಾಡಿದೆವು. ಬುದ್ಧಿ ಹೇಳಲು ಕರೆದರೆ ಯಾವ ಅಜ್ಜಿಯೂ ಬರುವುದಿಲ್ಲ. 'ರಾಗಿ ಸರಿ ಮಾಡುವುದನ್ನು ಈ ಹುಡುಗಿಯರಿಗೆ ತೋರಿಸಿಕೊಡಿ' ಎಂದು ಕರೆದೆವು. ಮೊರ, ಬಿಳಿ ಪಂಚೆಯ ತುಂಡು ಹಿಡಿದುಕೊಂಡೇ ಬಂದರು. ರಾಗಿಯನ್ನು ಕಲ್ಲು ಹೋಗುವಂತೆ ತೊಳೆದು ನೆನೆಹಾಕಬೇಕು, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಬೇಕು, ನೆರಳಲ್ಲಿ ಒಣಗಿಸಿ ಘಮ ಬರುವಷ್ಟು ಹುರಿದು ಬೀಸಬೇಕು. ಆಮೇಲೆ ಆ ಪಂಚೆಯ ತುಂಡಿನಲ್ಲಿ ಜರಡಿ ಹಿಡಿಯಬೇಕು. ಪಾತ್ರೆಯ ಬಾಯಿಗೆ ಬಟ್ಟೆ ಕಟ್ಟಿ, ಅಂಗೈಯಿಂದ ಹಿಟ್ಟನ್ನು ಸುತ್ತಿಸುತ್ತಾ ಒಬ್ಬ ಅಜ್ಜಿ ನನಗೇ ಗದರಿದರು: 'ಒತ್ತಬೇಡ ಕಣವ್ವ, ತೌಡೂ ಇಳಿದುಬಿಡುತ್ತದೆ.' ಆ ದಿನ ಗುರು ಅವರು, ಶಿಷ್ಯೆ ನಾನು.

ಹಿಟ್ಟು ಜರಡಿ ಹಿಡಿಯುತ್ತಿರುವಾಗಲೇ ಉಳಿದ ಮಾತು ತೆಗೆದೆವು. ಈ ರಾಗಿ ಸರಿ ಮಗುವಿಗೆ ಆರು ತಿಂಗಳು ತುಂಬಿದ ಮೇಲೆ. ಅಲ್ಲಿಯವರೆಗೆ ಎದೆಹಾಲು ಮಾತ್ರ, ನೀರೂ ಬೇಡ. ಹುಟ್ಟಿದ ಮಗುವಿಗೆ ಜೇನು ನೆಕ್ಕಿಸುವುದು, ಬಜೆ ತೇಯ್ದು ಕೊಡುವುದು ಇಲ್ಲಿ ತಲೆಮಾರುಗಳ ರೂಢಿ. ಜೇನಿನಲ್ಲಿ ಕೆಲವೊಮ್ಮೆ ಇರುವ ಒಂದು ಸೂಕ್ಷ್ಮಾಣು, ವರ್ಷ ತುಂಬದ ಮಗುವಿನ ಕರುಳಿನಲ್ಲಿ ವಿಷ ಉಂಟುಮಾಡಬಲ್ಲದು ಎಂದೆ. 'ನಾವು ಕೊಟ್ಟಿಲ್ಲವೇ, ಮಕ್ಕಳು ಬದುಕಿಲ್ಲವೇ?' ಎಂಬ ಪ್ರಶ್ನೆ ಬಂದೇ ಬಂತು. ವಾದಕ್ಕಿಳಿಯಲಿಲ್ಲ. ಬದುಕದ ಮಕ್ಕಳ ವಿಷಯವನ್ನು ಅವರಲ್ಲೇ ಒಬ್ಬರು ಎತ್ತಿದರು. ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಮಾತಿನ ವಿಷಯಕ್ಕೆ ಬರುತ್ತೇನೆ. ಚಿಕ್ಕ ಮಕ್ಕಳ ಹತ್ತಿರ ಮಾತಾಡಿ ಎಂದರೆ ಎಲ್ಲರೂ 'ಆಡುತ್ತೇವಲ್ಲ' ಎನ್ನುತ್ತಾರೆ. ಅದಕ್ಕೆ ಮನೆಗೆ ಎರಡು ಬಟ್ಟಲ ಲೆಕ್ಕ ಕೊಟ್ಟೆವು. ಸಂಜೆ ದೀಪ ಹಚ್ಚಿದ ಮೇಲೆ ಮಲಗುವವರೆಗೆ, ಮಗುವಿಗೆ ಹೇಳಿದ ಪ್ರತಿ ಆಜ್ಞೆಗೂ (ಬಾ, ತಿನ್ನು, ಸುಮ್ಮನಿರು, ಮಲಗು) ಒಂದು ಹುಣಸೆ ಬೀಜ; ಬೇರೆ ಯಾವುದೇ ಮಾತಿಗೆ ಒಂದು ಅವರೆ ಕಾಳು. ಮರುವಾರ ತಂದ ಬಟ್ಟಲುಗಳಲ್ಲಿ ಹುಣಸೆ ಬೀಜ ತುಳುಕುತ್ತಿತ್ತು. ಒಂದು ಮನೆಯಲ್ಲಿ ಲೆಕ್ಕ ಹಿಡಿದವಳು ಮೂರನೇ ತರಗತಿಯ ಹುಡುಗಿ. ಅಜ್ಜಿಯ ಬೈಗುಳಕ್ಕೆ ಒಂದು ಬೀಜ ಸಾಲದೆಂದು ಎರಡೆರಡು ಹಾಕಿದ್ದಳು. ಅಜ್ಜಿ ಅಲ್ಲೇ ತಕರಾರು ತೆಗೆದರು, ನಗೆ ಎದ್ದಿತು. ಆಟ ಮುಂದುವರಿದ ಮನೆಗಳಲ್ಲಿ ಅವರೆ ಕಾಳು ಹೆಚ್ಚಿತು. ಅಕ್ಕಿ ಆರಿಸುತ್ತಾ, ಹೂ ಕಟ್ಟುತ್ತಾ ಆಡುವ ಮಾತೂ ಲೆಕ್ಕಕ್ಕೆ ಬರುತ್ತದೆ ಎಂದು ಗೊತ್ತಾದ ಮೇಲೆ ಬಿಡುವಿಲ್ಲ ಎಂಬ ನೆಪ ನಿಂತಿತು.

ಗಂಡಸರನ್ನು ಅಂಗನವಾಡಿಗೆ ಕರೆತರುವ ಆಸೆ ಬಿಟ್ಟೆವು. ಅವರು ದಿನಾ ಎಲ್ಲಿ ಸೇರುತ್ತಾರೋ ಅಲ್ಲಿಗೇ ಹೋದರಾಯಿತು. ನಮ್ಮ ಕಡೆ ಅದು ಹಾಲಿನ ಡೇರಿ. ಸಂಜೆ ಕ್ಯಾನು ಹಿಡಿದು ಸಾಲು ನಿಲ್ಲುತ್ತಾರೆ, ಹಾಲು ಅಳೆದು ಚೀಟಿ ಪಡೆದ ಮೇಲೂ ಕಟ್ಟೆಯ ಮೇಲೆ ಕೂರುತ್ತಾರೆ. ಕಾರ್ಯದರ್ಶಿಯವರನ್ನು ಕೇಳಿಕೊಂಡು, ಹದಿನೈದು ದಿನಕ್ಕೊಮ್ಮೆ ಆ ಹೊತ್ತಿನಲ್ಲಿ ಇಪ್ಪತ್ತು ನಿಮಿಷ ತೆಗೆದುಕೊಂಡೆವು. ಭಾಷಣವಿಲ್ಲ, ಒಂದೇ ಪ್ರಶ್ನೆ: ಮಗನಿಗೆ ಕೊನೆಯ ಸಲ ಹೊಡೆದದ್ದು ಯಾವುದಕ್ಕೆ, ಆಮೇಲೆ ಅವನು ಏನು ಮಾಡಿದ?

'ಹೊಡೆಯದೆ ಮಕ್ಕಳು ದಾರಿಗೆ ಬರುತ್ತವೆಯೇ ಮೇಡಂ?' ಎಂದವರೇ ಹೆಚ್ಚು. ತಮಾಷೆಯೆಂದರೆ, ಶಾಲೆಯಲ್ಲಿ ಮೇಷ್ಟ್ರು ಕೈಯೆತ್ತಿದರೆ ಜಗಳಕ್ಕೆ ಹೋಗುವವರೂ ಇವರೇ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನು ನಿಷೇಧಿಸಿರುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ನಾನು ಉತ್ತರ ಹುಡುಕುತ್ತಿರುವಾಗ ಕಟ್ಟೆಯ ತುದಿಯಲ್ಲಿದ್ದ ಒಬ್ಬರು ಹೇಳಿದರು: 'ನಮ್ಮವನು ಹಾಲಿನ ದುಡ್ಡು ಕದ್ದ, ಬಾರಿಸಿದೆ. ಕದಿಯುವುದನ್ನು ಬಿಟ್ಟನೋ ಇಲ್ಲವೋ, ಸುಳ್ಳು ಹೇಳುವುದನ್ನಂತೂ ಕಲಿತ.' ನನ್ನ ಯಾವ ಭಿತ್ತಿಪತ್ರಕ್ಕೂ ಆ ಬಲ ಇರಲಿಲ್ಲ. ಅದಾದ ಮೇಲೆ, ಹೊಡೆಯುವ ಬದಲು ಏನು ಮಾಡಬಹುದು ಎಂಬುದನ್ನು ಅವರವರೇ ಮಾತಾಡಿಕೊಂಡರು. ಕೋಪ ಬಂದಾಗ ಕೊಟ್ಟಿಗೆಗೆ ಹೋಗಿ ಹುಲ್ಲು ಹಾಕಿ ಬರುವುದು ಒಬ್ಬರ ಉಪಾಯ. ನನಗೆ ಬಹಳ ಹಿಡಿಸಿತು.

ಕುಡಿತದ ಮನೆಗಳಿಗೆ ಈ ಸಭೆ ಸಾಲದು, ಅದನ್ನು ಮುಚ್ಚಿಡುವುದಿಲ್ಲ. ಅಲ್ಲಿಗೆ ಮನೆಭೇಟಿಯೇ ಆಗಬೇಕು. ಮಕ್ಕಳ ಸಹಾಯವಾಣಿ 1098 ಮತ್ತು ಮಾನಸಿಕ ಆರೋಗ್ಯದ 14416, ಈ ಎರಡು ಸಂಖ್ಯೆಗಳನ್ನು ಡೇರಿಯ ಗೋಡೆಯ ಮೇಲೇ ಬರೆಸಿದೆವು, ದರಪಟ್ಟಿಯ ಪಕ್ಕದಲ್ಲಿ.

ಇನ್ನು ಬೆಂಗಳೂರಿನಲ್ಲಿ ಕ್ಯಾಬ್ ಓಡಿಸುತ್ತಾ ಭಾನುವಾರ ಮಾತ್ರ ಊರಿಗೆ ಬರುವ ಅಪ್ಪಂದಿರು. ಎರಡು ವರ್ಷದೊಳಗಿನ ಮಕ್ಕಳಿಗೆ ಮೊಬೈಲ್ ತೋರಿಸಬೇಡಿ ಎಂದು ನಾವು ಹೇಳುತ್ತಾ ಬಂದಿದ್ದೆವು. 'ಹಾಗಾದರೆ ಕೂಸು ಅಪ್ಪನ ಮುಖ ನೋಡುವುದು ಹೇಗೆ?' ಎಂದು ಒಬ್ಬ ತಾಯಿ ಕೇಳಿದಳು. ನ್ಯಾಯವಾದ ಪ್ರಶ್ನೆ. ಮಕ್ಕಳ ತಜ್ಞರ ಸಲಹೆಯಲ್ಲೂ ಮನೆಯವರೊಡನೆ ಆಗೀಗ ಆಡುವ ವಿಡಿಯೊ ಕರೆಗೆ ವಿನಾಯಿತಿ ಇದೆ. ನಾವು ಹಾಕಿದ ಷರತ್ತು ಒಂದೇ: ಊಟದ ಹೊತ್ತಿನಲ್ಲಿ ಬೇಡ. ಕರೆ ಮಾಡಿದಾಗ 'ಊಟ ಆಯಿತಾ?' ಎಂದಷ್ಟೇ ಕೇಳಿ ಇಡಬಾರದು, ಆ ದಿನ ಕಂಡದ್ದು ಏನಾದರೊಂದು ಹೇಳಬೇಕು ಎಂದೂ ಅಪ್ಪಂದಿರಿಗೆ ತಿಳಿಸಿದೆವು. ಮೆಟ್ರೊ ರೈಲು ಮೇಲ್ಸೇತುವೆಯ ಮೇಲೆ ಹೋಗುವುದನ್ನು ತೋರಿಸುವುದು ಈಗ ಅವರಲ್ಲಿ ಬಹಳ ಮಂದಿಯ ರೂಢಿ.